ಚಪ್ಪಾಳೆಯಾದ ಮೇಲೆ ನೀವು ಹೇಳಿದ ಮಾತು

ಇಸವಿ 2417, ಹದಿನಾಲ್ಕನೆಯ ತಿಂಗಳ ಎರಡನೆಯ ದಿನ, ಮಧ್ಯಾಹ್ನ
ತಂತಿಮನೆ, ದಾವಣಗೆರೆ

ಪ್ರೊಫೆಸರ್ ವಾರಿಜಾಕ್ಷಿಯವರಿಗೆ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನು ಚಿಕ್ಕದು ಮಾಡಿ ವರ್ಷಕ್ಕೆ ಹದಿನಾಲ್ಕು ಮಾಡಿಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಭಾಷಣ ಕೇಳಿ ಕೇಳಿಯೇ ಹಳೆಯ ಕನ್ನಡ ಕಲಿತವನು ನಾನು. ಈ ಕಾಗದ ಹಿಂಗಾಲುವೆಯಲ್ಲಿ ಬರುತ್ತದೆ. ಹಿಂದಿನ ಕಾಲಕ್ಕೆ ಒಂದೇ ಒಂದು ಹಾಳೆಯನ್ನು ಹೊತ್ತೊಯ್ಯುವ ಕಾಲುವೆ ಅದು. ತಲುಪಿತೆಂದು ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ನಾಲ್ಕು ಗಂಟೆಗೆ ನನಗೆ ಕೆಲಸವಿದೆ, ಕೈ ಓಡಿದಂತೆ ಬರೆಯುತ್ತೇನೆ.

ಬರುವ ಶನಿವಾರ ನೀವು ಒಂದು ಕಾಲೇಜಿನಲ್ಲಿ ಸ್ಟ್ರಿಂಗ್ ಥಿಯರಿಯ ಬಗ್ಗೆ ಸಾರ್ವಜನಿಕರಿಗೆ ಭಾಷಣ ಮಾಡಲಿದ್ದೀರಿ. ತಂಬೂರಿಯ ತಂತಿ ಮೀಟಿ, ಜಗತ್ತಿನ ಪ್ರತಿ ಕಣದೊಳಗೂ ಇಂಥದೊಂದು ತಂತಿ ಮಿಡಿಯುತ್ತಿದೆ, ಮಿಡಿತ ಬದಲಾದರೆ ಕಣವೂ ಬದಲಾಗುತ್ತದೆ ಎನ್ನುತ್ತೀರಿ. ಎಷ್ಟು ಚೆನ್ನಾಗಿ ಹೇಳುತ್ತೀರಿ! ಅದೇ ನಮಗೆ ಮುಳುವಾಯಿತು. ನೆನಪಿನ ಯಂತ್ರಗಳೆಲ್ಲ ಕೆಟ್ಟು ಕೂತ ಕಾಲದಲ್ಲಿ ಜನ ಕೈಗೆ ಸಿಕ್ಕಿದ್ದನ್ನು ನಕಲು ಮಾಡಿ ಉಳಿಸಿದರು. ನಿಮ್ಮವರ ಸಮೀಕರಣಗಳು ಯಾರಿಗೂ ಅರ್ಥವಾಗದೆ ಹಾಳಾದವು. ನಿಮ್ಮ ಭಾಷಣ ಅರ್ಥವಾಗಿತ್ತು, ಅದು ಉಳಿಯಿತು.

ಈಗ ನಮ್ಮಲ್ಲಿ ಮಗುವಿಗೆ ಏಳು ತುಂಬಿದ ದಿನವೇ ತಂತಿಮನೆಗೆ ಕರೆತರುತ್ತಾರೆ. ಹೊಸ ಅಂಗಿ, ಬೆಲ್ಲದ ಪಾನಕ, ನೆಂಟರಿಷ್ಟರು, ಎಲ್ಲವೂ ಇರುತ್ತದೆ. ಮಗು ಕಣ್ಣು ಮುಚ್ಚಿ ಗುನುಗಬೇಕು. ಮರದ ಚೌಕಟ್ಟಿನಲ್ಲಿ ಬಿಗಿದ ಏಳು ತಂತಿಗಳಲ್ಲಿ ಯಾವುದು ನಡುಗುತ್ತದೋ ಅದು ಮಗುವಿನೊಳಗಿನ ಮಿಡಿತ ಎಂದು ಮಿಡಿತಗಾರ ಸಾರುತ್ತಾನೆ. ಏರುದನಿಯ ತಾರದ ಮಕ್ಕಳು ಶಾಲೆಗೆ, ನಡುವಿನವರು ಹೊಲ, ಮಗ್ಗಗಳಿಗೆ. ತಗ್ಗುದನಿಯ ಮಂದ್ರದವರು ನೆಲದಡಿಯ ನೀರುಗೂಡುಗಳಿಗೆ, ಊರಿಗೆ ನೀರೆತ್ತುವ ದುಡಿಮೆಗೆ. ಅಲ್ಲಿಗೆ ಹೋದವರು ಮೇಲೆ ಬರುವುದಿಲ್ಲ. ಮೂವತ್ತೊಂದು ವರ್ಷದಿಂದ ಇಲ್ಲಿಯ ಮಿಡಿತಗಾರ ನಾನೇ.

ಇವತ್ತು ನಾಲ್ಕಕ್ಕೆ ಬರುವವಳು ನನ್ನ ಮಗಳ ಮಗಳು ಚಂಪವ್ವ. ಮೂರು ದಿನದಿಂದ ಅವಳಿಗೆ ನೆಗಡಿ, ಗಂಟಲು ಕಟ್ಟಿದೆ. ಶೀತವಾದ ಮಗು ಮಂದ್ರದ ತಂತಿಯನ್ನೇ ನಡುಗಿಸುತ್ತದೆ ಎಂದು ಪ್ರತಿಯೊಬ್ಬ ಮಿಡಿತಗಾರನಿಗೂ ಗೊತ್ತು. ಬಾಯಿ ಬಿಟ್ಟವರಿಲ್ಲ, ನಾನೂ ಬಿಟ್ಟಿಲ್ಲ. ದಿನ ಮುಂದೂಡುವಂತಿಲ್ಲ. ಬೆಳಿಗ್ಗೆ ಕಷಾಯ ಕುಡಿಸಲು ಹೋದರೆ ಅವಳು ಕೇಳಿದಳು: "ಅಜ್ಜಾ, ನನ್ನೊಳಗಿನ ತಂತಿ ನಿಂಗೆ ಹೆಂಗ್ ಕಾಣ್ತೈತೆ?" ಲೋಟ ಅಲ್ಲೇ ಇಟ್ಟು ಎದ್ದು ಬಂದೆ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಹೋದ ತಿಂಗಳು ಉಗ್ರಾಣದಲ್ಲಿ ನಿಮ್ಮ ಭಾಷಣದ ಇನ್ನೊಂದು ಧ್ವನಿಮುದ್ರಣ ಸಿಕ್ಕಿತು. ಸಭಿಕರಲ್ಲಿ ಯಾರೋ ಮಾಡಿಕೊಂಡದ್ದಿರಬೇಕು. ನಮ್ಮಲ್ಲಿದ್ದ ನಕಲು ಚಪ್ಪಾಳೆಗೇ ಮುಗಿಯುತ್ತದೆ, ಇದು ಮುಂದುವರಿಯುತ್ತದೆ. ಕುರ್ಚಿಗಳು ಸರಿಯುತ್ತಿವೆ, ಕಾಫಿಗೆ ಕರೆಯುತ್ತಿದ್ದಾರೆ. ನಡುವೆ ಒಬ್ಬಾಕೆ ಕೇಳುತ್ತಾರೆ, "ಮೇಡಂ, ಇದನ್ನ ಯಾರಾದ್ರೂ ನೋಡಿದಾರಾ?" ನೀವು ನಗುತ್ತೀರಿ. "ಅಯ್ಯೋ, ಇಲ್ಲ ಕಣಮ್ಮ. ತಂತಿ ಅನ್ನೋದು ಬರೀ ಹೋಲಿಕೆ. ಪ್ರಯೋಗದಲ್ಲಿ ಇನ್ನೂ ಏನೂ ಸಿಕ್ಕಿಲ್ಲ. ಪೂರ್ತಿ ತಪ್ಪೇ ಇರಬಹುದು."

ಇದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಸಿಟ್ಟೂ ಬಂತು. ನಿಮ್ಮ ಕಾಲದ ವಿಜ್ಞಾನಿಗಳದು ಇದೇ ಅಭ್ಯಾಸವಂತೆ: ಬೆರಗನ್ನು ವೇದಿಕೆಯ ಮೇಲೆ ಹೇಳುವುದು, ಸಂದೇಹವನ್ನು ಕಾಫಿಯ ಹೊತ್ತಿಗೆ ಹೇಳುವುದು. ಜನ ಹೆದರಿ ಎದ್ದುಹೋದಾರು ಎಂದೇ? ನಮ್ಮವರ ದಡ್ಡತನಕ್ಕೆ ನಿಮ್ಮನ್ನು ದೂರುವುದು ನ್ಯಾಯವಲ್ಲ, ಗೊತ್ತು. ಆದರೂ ಬೇಡಿಕೊಳ್ಳುತ್ತೇನೆ. ಶನಿವಾರ ಆ ಮಾತನ್ನು ಮೊದಲೇ ಹೇಳಿ. ತಂತಿ ಮೀಟುವಾಗ ಇನ್ನೊಮ್ಮೆ ಹೇಳಿ. ಯಾರೂ ಕತ್ತರಿಸಲಾಗದಂತೆ ಭಾಷಣದ ತುಂಬ ಹೇಳಿ.

ಇಷ್ಟು ಬರೆದು ಹೊರಗೆ ಹೋಗಿ ಬಂದೆ. ನೆಂಟರು ಸೇರಿದ್ದಾರೆ, ಪಾನಕ ಹಂಚುತ್ತಿದ್ದಾರೆ. ಕಾಗದ ಇನ್ನೂ ನನ್ನ ಕೈಯಲ್ಲೇ ಇದ್ದರೂ ನಿಮ್ಮ ಶನಿವಾರ ನಮಗೆ ಎಂದೋ ಕಳೆದುಹೋದದ್ದು; ಇದು ತಲುಪಿ ನೀವು ಹೇಳಿದ್ದಿದ್ದರೆ ಈ ತಂತಿಮನೆಯೇ ಇರಬಾರದಿತ್ತು. ಗೋಡೆ ಮುಟ್ಟಿ ನೋಡಿದೆ. ಇದೆ.

ಹಾಗಾದರೆ ಆ ಮಾತನ್ನು ನಾನೇ ಹೇಳಬೇಕು, ಅವಳು ಗುನುಗುವುದಕ್ಕೆ ಮೊದಲು, ಎಲ್ಲರ ಎದುರಿಗೆ. ನಾನು ಕೆಳಗೆ ಕಳಿಸಿದ ಮಕ್ಕಳ ತಾಯಂದಿರೂ ಅಲ್ಲಿ ಕೂತಿದ್ದಾರೆ.

ಇಂತಿ,
ಮಿಡಿತಗಾರ ನೀಲಕಂಠ