ತಪ್ಪು ಹಾಳೆ

ಶುಕ್ರವಾರ, ಮಧ್ಯಾಹ್ನ

ಅಣ್ಣಾ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ನಗರಸಭಾ ಸದಸ್ಯರ ಕ್ಷೇಮ ವಿಚಾರಿಸಬೇಕಾಗಿಲ್ಲ. ಬೀದಿಯ ಪ್ರತಿ ಕಂಬದ ಮೇಲೂ ನಿನ್ನ ಮುಖ ನಗುತ್ತಿದೆ, ದೀಪ ಮಾತ್ರ ಇಲ್ಲ.

ನೀನು ಹೇಳಿದ ಕೆಲಸ ಆಗಲಿಲ್ಲ. ನಿನ್ನ ವಾರ್ಡಿನಲ್ಲೇ ನಿನ್ನೆದುರು ನಿಂತಿರುವ ನಮ್ಮ ತಂಗಿ ನಾಮಪತ್ರ ಹಿಂತೆಗೆದುಕೊಳ್ಳಲಿಲ್ಲ. ನಿನ್ನೆ, ಗಡುವಿಗೆ ಒಂದು ಗಂಟೆ ಇರುವಾಗ, ನೀನು ಕೊಟ್ಟ ಅರ್ಜಿಯನ್ನು ಮತಗಟ್ಟೆ ಏಜೆಂಟರ ನೇಮಕದ ಕಾಗದಗಳ ನಡುವೆ ಸೇರಿಸಿ ಅವಳ ಮುಂದಿಟ್ಟೆ. ಅಕ್ಕ ಕೊಟ್ಟರೆ ಕಣ್ಣುಮುಚ್ಚಿ ಸಹಿ ಹಾಕುತ್ತಾಳೆ ಎಂದಿದ್ದೆ ನೀನು. ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವವಳು ಅವಳು. ಒಂದೇ ಮನೆಯಲ್ಲಿ ಬೆಳೆದೂ ನಮ್ಮಿಬ್ಬರಿಗೆ ಅದು ಹೊಳೆಯಲಿಲ್ಲ.

ನಾಲ್ಕನೆಯ ಹಾಳೆಗೆ ಪೆನ್ನು ನಿಂತಿತು. "ಅಕ್ಕಾ, ಇದು ಹಿಂತೆಗೆದುಕೊಳ್ಳೋ ಅರ್ಜಿ. ನೀನು ತಪ್ಪು ಹಾಳೆ ತಂದಿದ್ದೀಯ," ಎಂದಳು. ನನ್ನ ಮೇಲೆ ಅನುಮಾನವೇ ಇಲ್ಲ. ಹೌದು, ತಪ್ಪಾಯಿತು ಎಂದೆ.

ಆಟಿಸಂ ಇರುವವಳು ಜನರ ಜೊತೆ ಹೇಗೆ ಏಗುತ್ತಾಳೆ, ಪಾಪ, ಎಂದು ಮರುಗುತ್ತಿದ್ದೆಯಲ್ಲ. ಹೋದ ವಾರ ಅವಳ ಜೊತೆ ಮನೆಮನೆಗೆ ಹೋಗಿ ನಿನಗೆ ವರದಿ ಒಪ್ಪಿಸಿದೆ. ಅದರಲ್ಲಿ ಬಿಟ್ಟಿದ್ದನ್ನು ಈಗ ಹೇಳುತ್ತೇನೆ. ಅವಳೇ ಬಾಗಿಲಲ್ಲಿ ನಿಂತು ಹೇಳಿಬಿಡುತ್ತಾಳೆ: ನನಗೆ ಆಟಿಸಂ ಇದೆ, ಗದ್ದಲದಲ್ಲಿ ಮಾತಾಡೋಕೆ ಆಗಲ್ಲ, ಬರೆದುಕೊಡಿ, ಪೂರ್ತಿ ಓದ್ತೀನಿ. ಬೇಕರಿಯವನು ಚರಂಡಿ ಯಾವಾಗ ಆಗುತ್ತೆ ಎಂದು ಕೇಳಿದ. ಆರು ತಿಂಗಳು ಬೇಕು, ಅದಕ್ಕೆ ಮುಂಚೆ ಆಗಲ್ಲ ಎಂದಳು. "ನಿಮ್ಮಣ್ಣ ಐದು ವರ್ಷದಿಂದ ನಾಳೆ ಅಂತಾನೇ ಇದ್ದಾರೆ. ಆಗಲ್ಲ ಅನ್ನೋರನ್ನ ಇವತ್ತೇ ನೋಡಿದ್ದು," ಎಂದು ಅವನು ನಕ್ಕ. ಆಮೇಲೆ ಅವಳ ಕರಪತ್ರ ಕೇಳಿ ಪಡೆದು ಗಾಜಿಗೆ ಅಂಟಿಸಿದ, ನಿನ್ನ ಮುಖದ ಮೇಲೇ.

ನಿನ್ನ ಮೇಲಿನ ಈ ತಿರಸ್ಕಾರದಿಂದ ನಾನು ನನ್ನನ್ನೂ ಹೊರಗಿಡಲಾರೆ. ಅವಳು ಸೋತು ನೊಂದಾಳು ಎಂದೇ ಆ ಹಾಳೆ ಒಯ್ದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ನಿಜವಾಗಿ, ಅವಳು ಗೆದ್ದುಬಿಟ್ಟರೆ ಎಂಬ ಭಯ ನಿನ್ನಷ್ಟೇ ನನಗೂ ಇತ್ತೇನೋ.

ಅರ್ಜಿ ಇದರ ಜೊತೆಗಿದೆ. ಸಹಿಯ ಜಾಗ ಖಾಲಿ. ಬೇಕಿದ್ದರೆ ನೀನು ಹಾಕಿಕೊ.

ಇಂತು,
ನಿನ್ನ ತಂಗಿಯರಲ್ಲಿ ದೊಡ್ಡವಳು

ಮತ್ತೊಂದು: 'ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಾರದವಳು ವಾರ್ಡು ನೋಡಿಕೊಳ್ಳುತ್ತಾಳೆಯೇ?' ನಿನ್ನ ಕರಪತ್ರದ ಆ ಸಾಲು ಬರೆದುಕೊಟ್ಟವಳು ನಾನೇ ಎಂದು ಈಗಷ್ಟೇ ಅವಳಿಗೆ ಹೇಳಿದೆ. ಹಾಳೆಯ ವಿಷಯವನ್ನೂ ಹೇಳಿದೆ. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆಮೇಲೆ, "ಮುಂದಿನ ಕರಪತ್ರ ನೀನೇ ಬರಿ. ನಾನು ಎರಡು ಸಲ ಓದ್ತೀನಿ," ಎಂದಳು.