ತಣ್ಣನೆಯ ಕೈ

ಏಪ್ರಿಲ್ ೯, ಮಧ್ಯಾಹ್ನ

ಇವತ್ತೂ ಪಫ್ ಎದ್ದಿಲ್ಲ. ಬೆಣ್ಣೆ ಮಡಿಕೆಗಳ ನಡುವೆ ನಿಲ್ಲಬೇಕು. ನಿಲ್ಲದೆ ಹಿಟ್ಟಿನೊಳಕ್ಕೇ ಕರಗಿಹೋಯಿತು. ಟ್ರೇ ತುಂಬ ಚಪ್ಪಟೆ ಬಿಸ್ಕತ್ತು. ಓವನ್ ನೋಡಿಕೊಳ್ಳುವ ಒಲೆಯಣ್ಣ ಟ್ರೇಯನ್ನು ಮೂಲೆಗೆ ಸರಿಸಿದ. ಬೈದಿದ್ದರೇ ವಾಸಿಯಿತ್ತು.

ಈ ಬೇಕರಿಗೆ ಸೇರಿದ್ದೇ ನನ್ನ ಕೈಯಿಂದ. ಅವತ್ತು ಬೇಕರಿ ಯಜಮಾನರು ಓದಿದ್ದೆಷ್ಟು ಅಂತ ಕೇಳಲಿಲ್ಲ. ಅಂಗೈ ಮೇಲೆ ಬೆಣ್ಣೆ ತುಂಡು ಇಟ್ಟು ಕಾದರು. ಕರಗಲಿಲ್ಲ. ನಾಳೆಯಿಂದ ಬಾ ಅಂದರು. ಕೈ ಅಲ್ಲ ಅದು, ಫ್ರಿಜ್ಜು ಅಂತ ಒಲೆಯಣ್ಣನ ತಮಾಷೆ.

ಈಗ ಇಸ್ತ್ರಿಪೆಟ್ಟಿಗೆ. ಹೊಟ್ಟೆಯೊಳಗಿಂದ ಉರಿ ಏಳುತ್ತದೆ... ಎದೆ, ಕುತ್ತಿಗೆ, ಕಿವಿ, ಕೊನೆಗೆ ಅಂಗೈ. ಬೆವರು ಸುರಿಯುತ್ತದೆ, ಹಿಂದೆಯೇ ಚಳಿ. ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಗಡ್ಡೆ ಇವೆ ಅಂತ ಗರ್ಭಕೋಶ, ಎರಡೂ ಅಂಡಾಶಯ ತೆಗೆದರು. ಕೆಟ್ಟ ಗಡ್ಡೆ ಅಲ್ಲ ಅಂತ ರಿಪೋರ್ಟ್ ಬಂದ ದಿನ ಹಾಲು ಕುಡಿದಷ್ಟು ಸಂತೋಷ. ವಯಸ್ಸು ನಲವತ್ತೊಂದು. ಈಗ ನೋವಿಲ್ಲ, ಮುಟ್ಟಿಲ್ಲ. ನಾನೂ ಇಲ್ಲ.

ಏಪ್ರಿಲ್ ೧೧

ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋದೆ. ಹೊಲಿಗೆ ಚೆನ್ನಾಗಿ ಕೂಡಿದೆಯಂತೆ. ಉರಿಯ ವಿಷಯ ಎತ್ತಿದೆ. ಎಲ್ಲ ಹೆಂಗಸರಿಗೂ ಬರುವಂಥದ್ದೇ, ಸೈರಿಸಿಕೊಳ್ಳಿ, ಕಾಫಿ ಬಿಡಿ ಅಂದರು. ಕಣ್ಣು ಆಗಲೇ ಬಾಗಿಲ ಕಡೆ, ಮುಂದಿನ ಪೇಷೆಂಟ್ ಮೇಲೆ.

ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಮುಟ್ಟು ನಿಂತದ್ದು ಐವತ್ತೆರಡಕ್ಕೆ. “ನಮಗೆಲ್ಲ ಬಂದಿಲ್ವೇನೇ? ನೀನೊಬ್ಳೇನಾ ಹೆಂಗಸು?” ಹಾರ್ಮೋನ್ ಔಷಧಿ ಇದೆಯಂತೆ ಅಂದದ್ದಕ್ಕೆ ಕ್ಯಾನ್ಸರ್ ಬರುತ್ತದೆ ಅಂತ ಹೆದರಿಸಿದಳು. ಗಾಯದ ಮೇಲೆ ಬರೆ. ಕಾಫಿ ಬಿಟ್ಟೆ. ತಲೆನೋವು ಹೆಚ್ಚುವರಿ ಲಾಭ.

ಏಪ್ರಿಲ್ ೨೦

ಯಜಮಾನರು ನನ್ನನ್ನು ಪಫ್ ಮೇಜಿನಿಂದ ಬಿಡಿಸಿ ಬನ್ ಪ್ಯಾಕಿಂಗಿಗೆ ಹಾಕಿದರು. ಮೆತ್ತಗೇ ಹೇಳಿದರು, ಕೈ ಸರಿಹೋದ ಮೇಲೆ ನೋಡೋಣ ತಾಯಿ ಅಂತ. ಸರಿಹೋಗದಿದ್ದರೆ? ಬನ್ ಎಣಿಸಿ ಕವರಿಗೆ ತುಂಬುವುದಕ್ಕೆ ಯಾವ ಕೈ ಆದರೂ ನಡೆಯುತ್ತದೆ.

ಮುಂಚೆ ಕೆಲಸ ಮುಗಿಸಿ ಮನೆಗೆ ಬಂದವಳು ಹಿಂದಿನಿಂದ ಹೋಗಿ ನಮ್ಮ ಮನೆಯವರ ಕುತ್ತಿಗೆ ಮೇಲೆ ಕೈ ಇಡುತ್ತಿದ್ದೆ. ಅಯ್ಯಯ್ಯೋ ಅಂತ ಹಾರಿಬೀಳುತ್ತಿದ್ದರು. ಮದುವೆಯಾದ ಹೊಸತರಿಂದ ನಡೆದುಬಂದ ಆಟ. ಈಗ ಇಡುವುದಿಲ್ಲ. ಹಾಸಿಗೆಯಲ್ಲಿ ಅವರ ತೋಳು ತಗುಲಿದರೂ ಸರಿದುಕೊಳ್ಳುತ್ತೇನೆ. ಯಾಕೆ ಅಂತ ಅವರು ಕೇಳುವುದಿಲ್ಲ. ಪಾಪ, ಕಿಟಕಿ ಪಕ್ಕದ ತಮ್ಮ ಜಾಗವನ್ನೂ ಬಿಟ್ಟುಕೊಟ್ಟಿದ್ದಾರೆ.

ಮೇ ೬

ಬೇರೆ ಡಾಕ್ಟರು. ಮನೆಯವರೇ ಅಲ್ಲಿ ಇಲ್ಲಿ ವಿಚಾರಿಸಿ, ರಜೆ ಹಾಕಿ ಕರೆದುಕೊಂಡು ಹೋದರು. ಬಿಳಿ ಕೂದಲಿನ ಹೆಂಗಸು. ಕೂತ ತಕ್ಷಣ ಕೇಳಿದ್ದು, ಏನು ಕೆಲಸ ಮಾಡುತ್ತೀರಿ ಅಂತ. ಇಷ್ಟು ದಿನ ಒಬ್ಬರೂ ಕೇಳಿರಲಿಲ್ಲ. ಬೆಣ್ಣೆ, ಮಡಿಕೆ, ಕೈ, ಬನ್ನು — ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಳುವೂ ಬಂತು. ಅಕ್ಕನ ಮಾತೂ ಬಾಯಿಂದ ಜಾರಿತು.

“ನಿಮ್ಮಕ್ಕ ಮೆಟ್ಟಿಲು ಇಳ್ಕೊಂಡು ಬಂದ್ರಮ್ಮ. ನಿಮ್ಮನ್ನ ಮಹಡಿಯಿಂದ ತಳ್ಳಿದ ಹಾಗಾಗಿದೆ. ಎರಡೂ ಒಂದೇನಾ?”

ಅಂಡಾಶಯ ಮಾಡುತ್ತಿದ್ದ ಈಸ್ಟ್ರೋಜನ್ ಹಾರ್ಮೋನ್ ಆಪರೇಷನ್ ದಿನವೇ ನಿಂತುಹೋಯಿತಂತೆ. ಈ ವಯಸ್ಸಿನಲ್ಲಿ ಮೂಳೆಗೆ, ಹೃದಯಕ್ಕೆ ಅದು ಬೇಕು. ತಾನಾಗಿ ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕು. ಮನೆತನದಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ರಕ್ತ ಹೆಪ್ಪುಗಟ್ಟಿತ್ತೇ ಅಂತ ಕೇಳಿದರು. ಬಿಪಿ ನೋಡಿದರು, ಎದೆ ಪರೀಕ್ಷೆ ಮಾಡಿದರು. ಹೆದರಬೇಡಿ ಅಂದು ಒಂದು ಜೆಲ್ ಬರೆದುಕೊಟ್ಟರು. ದಿನಕ್ಕೊಮ್ಮೆ ಮುಂದೋಳಿನ ಉದ್ದಕ್ಕೂ ತೆಳ್ಳಗೆ ಸವರಬೇಕು, ಒಣಗಬೇಕು, ಒಂದು ಗಂಟೆ ಸ್ನಾನ ಬೇಡ.

ಮನೆಗೆ ಬಂದು ಬೆರಳ ಮೇಲೆ ಹಿಂಡಿ ನೋಡಿದೆ. ಬಣ್ಣವಿಲ್ಲ. ಸ್ಪಿರಿಟ್ ವಾಸನೆ, ಅದೂ ಹಾರಿಹೋಯಿತು. ಇಷ್ಟೇ ಇಷ್ಟು. ಇದೇ ಏನು ನನ್ನನ್ನು ನಡೆಸುತ್ತಿದ್ದದ್ದು? ದೊಡ್ಡವಳಾದಾಗಿನಿಂದ ಒಳಗೇ ಕೂತು, ಒಂದು ದಿನವೂ ಸದ್ದು ಮಾಡದೆ, ಹೆಸರು ಹೇಳದೆ? ಮೈ ಜುಮ್ಮೆಂದಿತು.

ಮೇ ೨೯

ಏನೂ ಆಗಿಲ್ಲ. ದಿನಾ ಬೇಕರಿಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೈಗೆ ಸವರುತ್ತೇನೆ. ಒಣಗುತ್ತದೆ. ಏಪ್ರನ್ ಕಟ್ಟಿ ಒಳಗೆ ಹೋಗುತ್ತೇನೆ. ಸ್ನಾನ ಸಂಜೆಯೇ. ಹೇಳಿದ್ದರಲ್ಲಿ ಚಾಚೂ ತಪ್ಪಿಲ್ಲ. ಉರಿಯೂ ಚಾಚೂ ತಪ್ಪದೆ ಬರುತ್ತಿದೆ.

ಸಿಟ್ಟು ಬಂದು ಟ್ಯೂಬನ್ನು ಕಸದ ಬುಟ್ಟಿಗೆ ಎಸೆದೆ. ಇವರು ಎತ್ತಿ, ಒರೆಸಿ, ಕಪಾಟಿನಲ್ಲಿಟ್ಟರು.

ಜೂನ್ ೩

ಔಷಧಿ ಹೆಚ್ಚಿಸುತ್ತಾರೆ ಅಂದುಕೊಂಡು ಹೋದೆ. ಹೆಚ್ಚಿಸಲಿಲ್ಲ. ದಿನಾ ಮಾಡುವ ಹಾಗೇ ಮಾಡಿ ತೋರಿಸಿ ಅಂದರು. ಸವರಿದೆ. ಒಣಗಿತು. ಆಮೇಲೆ? ಏಪ್ರನ್ ಕಟ್ಟುತ್ತೇನೆ ಅಂದೆ. ಆಮೇಲೆ? ಎದ್ದು ಅವರ ಕೋಣೆಯ ಸಿಂಕಿನ ಹತ್ತಿರ ಹೋಗಿ, ನಲ್ಲಿ ತಿರುಗಿಸಿ, ಸೋಪು ಹಿಡಿದು ಮೊಣಕೈವರೆಗೆ—

ನಿಂತುಬಿಟ್ಟೆ. ತಿರುಗಿ ಡಾಕ್ಟರ ಮುಖ ನೋಡಿದೆ.

ಬೇಕರಿಯಲ್ಲಿ ಏನು ಮುಟ್ಟುವ ಮುಂಚೆಯೂ ಮೊಣಕೈವರೆಗೆ ತಿಕ್ಕಿ ತೊಳೆಯಬೇಕು. ಕೈ ತಾನಾಗಿ ಹೋಗುತ್ತದೆ. ಅದನ್ನು ಯಾರು ಸ್ನಾನದ ಲೆಕ್ಕಕ್ಕೆ ಹಿಡಿಯುತ್ತಾರೆ? ಇಷ್ಟು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೇನೆ, ಅದೂ ಶ್ರದ್ಧೆಯಿಂದ. ಡಾಕ್ಟರು ಕನ್ನಡಕ ತೆಗೆದು ನಕ್ಕರು. ನಾನೂ. ಹೊರಗೆ ಕೂತಿದ್ದ ಇವರು ಗಾಬರಿಯಾಗಿ ಬಾಗಿಲು ತೆರೆದರು.

ಇನ್ನು ಮೇಲೆ ತೊಡೆಗೆ. ಸಂಜೆ, ಸ್ನಾನವಾದ ಮೇಲೆ.

ಜೂನ್ ೧೯, ಬೆಳಗ್ಗೆ

ಎದ್ದೆ. ಅದೇ ಸುದ್ದಿ. ರಾತ್ರಿ ಒಂದು ಸಲವೂ ಏಳದೆ ಬೆಳಗ್ಗೆ ಎದ್ದೆ. ದಿಂಬು ಒಣಗಿತ್ತು. ಮುಟ್ಟಿ ಮುಟ್ಟಿ ನೋಡಿದೆ. ಚಾದರ ನನ್ನ ಮೇಲೆಯೇ ಇತ್ತು, ಸುಕ್ಕಾಗದೆ. ಸ್ವಲ್ಪ ಹೆದರಿಕೆಯೂ ಆಯಿತು... ಇಷ್ಟು ಸುಖವನ್ನು ಯಾರಾದರೂ ವಾಪಸ್ ಕೇಳಿಬಿಟ್ಟರೆ?

ಜುಲೈ ೭, ಮಧ್ಯಾಹ್ನ

ಬೆಳಗ್ಗೆ ಹೋದವಳೇ ಯಜಮಾನರ ಎದುರು ಅಂಗೈ ಚಾಚಿದೆ. ಅವರಿಗೆ ಅರ್ಥವಾಯಿತು. ಬೆಣ್ಣೆ ತುಂಡು ತಂದು ಇಟ್ಟರು. ಒಲೆಯಣ್ಣ ಓವನ್ ಬಿಟ್ಟು ಓಡಿಬಂದ. ಮೂವರೂ ಬೆಣ್ಣೆಯನ್ನೇ ನೋಡುತ್ತ ನಿಂತೆವು. ಬೆಣ್ಣೆಯ ಮೂಲೆಗಳು ಕತ್ತರಿಸಿದಾಗ ಹೇಗಿದ್ದವೋ ಹಾಗೇ ಇದ್ದವು.

“ಫ್ರಿಜ್ ರಿಪೇರಿ ಆಯ್ತು ಯಜಮಾನ್ರೇ,” ಅಂದ ಒಲೆಯಣ್ಣ. ಯಜಮಾನರು ಮೇಜಿನ ಕಡೆ ಕೈ ತೋರಿಸಿದರು.

ಹಿಟ್ಟು ಲಟ್ಟಿಸಿದೆ, ಬೆಣ್ಣೆ ಹಾಸಿದೆ, ಮಡಿಸಿದೆ, ಮತ್ತೆ ಲಟ್ಟಿಸಿದೆ. ಬೆಣ್ಣೆ ಹೇಳಿದ ಮಾತು ಕೇಳಿತು. ಆಮೇಲೆ ಓವನ್ ಗಾಜಿಗೆ ಮುಖ ಹಚ್ಚಿ ನಿಂತೆ. ಹೊಸಬರು ಹಾಗೆ ನಿಂತರೆ ನಾನೇ ಗದರುತ್ತಿದ್ದೆ. ಪಫ್ ಏಳುವುದನ್ನು ನೋಡದ ದಿನವಿಲ್ಲ, ಆದರೂ ಇವತ್ತೇ ಮೊದಲು ನೋಡಿದಂತಿತ್ತು. ಪದರ ಪದರವಾಗಿ ಬಿಡಿಸಿಕೊಂಡು, ನಿಧಾನಕ್ಕೆ, ತಾನಾಗಿ ಎದ್ದಿತು. ಎತ್ತುವ ಕೈ ಯಾವುದೂ ಕಾಣುವುದಿಲ್ಲ. ಕಣ್ಣು ಒರೆಸಿಕೊಂಡೆ. ಓವನ್ ಬಿಸಿ ಅಂದೆ ಒಲೆಯಣ್ಣನಿಗೆ. ಹೂಂ ಅಂದ.

ಸಂಜೆ

ಚಪ್ಪಲಿ ಸದ್ದಾಗದಂತೆ ಬಿಟ್ಟು ಒಳಗೆ ಬಂದೆ. ಇವರು ಪೇಪರ್ ಓದುತ್ತ ಕೂತಿದ್ದರು. ಹಿಂದೆ ಹೋಗಿ ನಿಂತೆ. ಒಂದು ಗಳಿಗೆ ಧೈರ್ಯ ಬರಲಿಲ್ಲ. ಆಮೇಲೆ ಕುತ್ತಿಗೆ ಮೇಲೆ ಎರಡೂ ಕೈ ಇಟ್ಟೆ.

ಹಾರಿಬೀಳಲಿಲ್ಲ. ಪೇಪರ್ ಕೆಳಗಿಟ್ಟರು. ನನ್ನ ಕೈಗಳ ಮೇಲೆ ತಮ್ಮ ಕೈ ಇಟ್ಟು, ತಿರುಗದೆಯೇ ಕೇಳಿದರು.

“ಬಂದ್ಯಾ?”

ಬಂದೆ ಅಂದೆ.

ಇನ್ನೂ ಬರೆಯುವುದಿದೆ. ಆದರೆ ಒಳಗಿನಿಂದ ಕರೆಯುತ್ತಿದ್ದಾರೆ, ಕಿಟಕಿ ಪಕ್ಕದ ಜಾಗ ಅವರಿಗೆ ವಾಪಸ್ ಬೇಕಂತೆ. ಕೊಡುವುದಿಲ್ಲ ಅಂದೆ. ಹಾಗಾದರೆ ಸ್ವಲ್ಪ ಸರಿದುಕೋ ಅಂತಾರೆ, ಇಬ್ಬರಿಗೂ ಜಾಗ—