ಮನೆಗೆ ಹೊಸ ಮೆಷಿನ್ ಬಂತು, ಅಕ್ಕಾ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಮೊದಲು ನನ್ನನ್ನು ಚೆನ್ನಾಗಿ ಬೈದುಬಿಡು, ಆಮೇಲೆ ಓದು. ನಿನ್ನ ಎರಡು ಕಾಗದಗಳು ಬಂದು ಕಪಾಟಿನ ಮೇಲೆ ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಇವತ್ತು ಬರೆಯೋಣ, ನಾಳೆ ಬರೆಯೋಣ ಅಂತಲೇ ಮೂರು ತಿಂಗಳು ಹೋಯಿತು. ಫೋನು ಮಾಡಬಹುದಿತ್ತು ಅನ್ನುತ್ತೀಯ. ನಮ್ಮದು ಎರಡು ಕೋಣೆಯ ಮನೆ, ಇಲ್ಲಿ ಸೀನಿದರೆ ಅಲ್ಲಿ ಕೇಳುತ್ತದೆ, ಮನಸ್ಸು ಬಿಚ್ಚಿ ಮಾತಾಡುವುದು ಹೇಗೆ? ನಿನ್ನ ಮಂಡಿ ನೋವು ಹೇಗಿದೆ? ಭಾವನಿಗೆ ಸಕ್ಕರೆ ಹತೋಟಿಗೆ ಬಂತಾ? ಕದ್ದು ಸಿಹಿ ತಿನ್ನುವುದನ್ನು ಬಿಟ್ಟರಾ? ಎರಡಕ್ಕೂ ಸರಿಯಾಗಿ ಬರಿ.

ಸರಿ, ಇನ್ನು ತಡೆದುಕೊಳ್ಳಲಾರೆ. ಅಕ್ಕಾ, ನಮ್ಮ ಮನೆಗೆ ಹೊಸ ವಾಷಿಂಗ್ ಮೆಷಿನ್ ಬಂದಿದೆ! ಹೊಸದು ಅಂದರೆ ಹೊಸದೇ. ಯಾರೋ ಬೇಡ ಅಂತ ಬಿಟ್ಟುಹೋದದ್ದಲ್ಲ, ಇವರು ಬಿಚ್ಚಿ ಜೋಡಿಸಿದ್ದಲ್ಲ, ಒಂದರ ಮೋಟಾರು ತೆಗೆದು ಇನ್ನೊಂದರ ಹೊಟ್ಟೆಗೆ ಹಾಕಿದ್ದಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ, ನಾಲ್ಕು ಮೂಲೆಗೂ ಥರ್ಮೋಕೋಲ್ ಇಟ್ಟುಕೊಂಡು, ನಮ್ಮ ಮನೆಗೆ ಅಂತಲೇ ಬಂದದ್ದು. ಇಬ್ಬರು ಹೊತ್ತುಕೊಂಡು ಎರಡು ಮಹಡಿ ಹತ್ತಿಸಿದರು. ನಾನು ಮೆಟ್ಟಿಲುದ್ದಕ್ಕೂ ಅವರ ಹಿಂದೆಯೇ "ನಿಧಾನ, ನಿಧಾನ" ಅನ್ನುತ್ತಾ ಹತ್ತಿದೆ. ಅದರ ಮುಖಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ಒಂದು ಮೂಲೆ ಹಿಡಿದು ನಾನೇ ಸರ್ರನೆ ಎಳೆದೆ. ಐವತ್ತಾರು ವರ್ಷಕ್ಕೆ ಮೊದಲ ಸಲ ಅಕ್ಕಾ, ಆ ಸುಖ ಏನಂತ ಹೇಳಲಿ.

ನಮ್ಮ ಮನೆ ನಿನಗೆ ಗೊತ್ತಲ್ಲ. ರಿಪೇರಿ ಅಂಗಡಿಯವರನ್ನು ಕಟ್ಟಿಕೊಂಡರೆ ಇನ್ನೇನಾಗುತ್ತದೆ? ಫ್ರಿಜ್ಜು ಯಾರೋ ವಕೀಲರ ಮನೆಯದು, ಇಸ್ತ್ರಿ ಪೆಟ್ಟಿಗೆ ಬಾಗಿಲು ಹಾಕಿದ ಹೋಟೆಲಿನದು, ಮಿಕ್ಸಿಯ ಜಾರು ಒಂದು ಕಂಪನಿಯದಾದರೆ ಮುಚ್ಚಳ ಇನ್ನೊಂದರದು. ಟಿವಿಗೆ ಎರಡು ರಿಮೋಟು, ಒಂದು ಹಚ್ಚುವುದಕ್ಕೆ, ಒಂದು ಆರಿಸುವುದಕ್ಕೆ. ಏನು ಕೇಳಿದರೂ ಇವರದು ಒಂದೇ ಮಾತು: ಓಡ್ತಾ ಇದೆಯಲ್ಲ, ಇನ್ನೇನು ಬೇಕು? ಮೂವತ್ತೊಂದು ವರ್ಷದಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹಳೆಯ ಮೆಷಿನ್ ಇಪ್ಪತ್ತನಾಲ್ಕು ವರ್ಷ ಓಡಿತು. ಬಟ್ಟೆ ಹಿಂಡುವಾಗ ಅದು ಬಚ್ಚಲಿನಿಂದ ಹೊರಟು ಅಡುಗೆಮನೆಯ ಬಾಗಿಲವರೆಗೆ ನಡೆದುಕೊಂಡೇ ಬರುತ್ತಿತ್ತು. ನಾನು ಅದರ ಮೇಲೆ ಹತ್ತಿ ಕೂತು ತಡೆಯುತ್ತಿದ್ದೆ. ಕೆಳಗಿನ ಮನೆಯ ಟೈಲರಮ್ಮ ಒಂದು ಸಲ ನಾನು ಹಾಗೆ ಕೂತು ಗಡಗಡ ಅಲುಗಾಡುವುದನ್ನು ನೋಡಿ, ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು.

ಇದು ಅಲುಗುವುದೇ ಇಲ್ಲ. ಮೇಲೆ ಒಂದು ಲೋಟ ನೀರಿಟ್ಟು ನೋಡಿದೆ, ಒಂದು ಹನಿ ಚೆಲ್ಲಲಿಲ್ಲ. ಬಟ್ಟೆ ಹಾಕಿದರೆ ತಾನೇ ತೂಕ ನೋಡಿ, ಬೇಕಾದಷ್ಟೇ ನೀರು ತೆಗೆದುಕೊಳ್ಳುತ್ತದೆ. ಇಪ್ಪತ್ತೆರಡು ಬಗೆಯಲ್ಲಿ ಒಗೆಯುತ್ತದಂತೆ. ಉಣ್ಣೆಗೆ ಒಂದು, ಪರದೆಗೆ ಒಂದು, ಆಟದ ಬಟ್ಟೆಗೆ ಒಂದು, ಎಳೆಮಗುವಿನ ಬಟ್ಟೆಗೆ ಒಂದು. ನಮ್ಮ ಮನೆಯಲ್ಲಿ ಮಗುವೂ ಇಲ್ಲ, ಆಟ ಆಡುವವರೂ ಇಲ್ಲ. ಆದರೂ ಸುಮ್ಮನೆ ಬಿಡುವುದೇಕೆ ಅಂತ ಇವರ ಬನಿಯನ್‌ಗಳನ್ನೆಲ್ಲ ಮಗುವಿನ ಗುಂಡಿ ಒತ್ತಿ ಒಗೆದೆ. ಇನ್ನೂ ಇದೆ ಕೇಳು, ಅದು ನನ್ನ ಫೋನಿಗೆ ಸೇರಿಕೊಂಡಿದೆ. ಮೊನ್ನೆ ತರಕಾರಿ ಅಂಗಡಿಯ ಸಾಲಿನಲ್ಲಿ ನಿಂತು ನೋಡಿದರೆ, ಇನ್ನು ಹದಿನೇಳು ನಿಮಿಷ ಅಂತ ತೋರಿಸಿತು. ಮುಂದೆ ನಿಂತಿದ್ದವರಿಗೆ ತೋರಿಸಿದೆ, ಹಿಂದೆ ನಿಂತಿದ್ದವರಿಗೂ ತೋರಿಸಿದೆ. ತರಕಾರಿಯವನು ಕೈಯಲ್ಲಿ ತಕ್ಕಡಿ ಹಿಡಿದುಕೊಂಡೇ ಬಗ್ಗಿ ನೋಡಿದ.

ಟೈಲರಮ್ಮ ಪರೀಕ್ಷೆ ಮಾಡುವವಳ ಹಾಗೆ ಬಂದಳು. ಒಣಗಿಸುತ್ತಾ ಅಂದಳು, ಇಲ್ಲ ಅಂದೆ. ಮಡಚುತ್ತಾ ಅಂದಳು, ಇಲ್ಲ ಅಂದೆ. ಹಾಗಾದರೆ ತಂತಿಯ ಮೇಲೆ ಹರವುವವಳು ನೀನೇ, ತೆಗೆಯುವವಳು ನೀನೇ, ಫೋನಿನಲ್ಲಿ ನೋಡುವುದು ಏನನ್ನು ಅಂದಳು. ಬಿಸ್ಕತ್ತು ಕೊಟ್ಟು ಕಳಿಸಿದೆ. ನ್ಯಾಯವಾಗಿ ಹೇಳುವುದಾದರೆ, ಇಪ್ಪತ್ತೆರಡರಲ್ಲಿ ನಾನು ಒತ್ತುವುದು ಎರಡೇ ಗುಂಡಿ. ಇದಿಲ್ಲದೆ ಬದುಕು ನಿಲ್ಲುತ್ತಿತ್ತಾ? ಇಲ್ಲ. ಆದರೆ ಒಂದು ಗಮನಿಸಿದ್ದೀಯಾ ಅಕ್ಕಾ, ಇದೆಲ್ಲ ಯಾಕೆ ಬೇಕು ಅಂತ ಕೇಳುವವರು ಯಾವತ್ತೂ ಬಟ್ಟೆ ಒಗೆಯುವವರಾಗಿರುವುದಿಲ್ಲ. ಬೇಕು ಅನ್ನುವುದು ಬೇರೆ, ಆಸೆ ಅನ್ನುವುದು ಬೇರೆ ಅಂತ ಇವರ ವಾದ. ಇರಬಹುದು. ನನ್ನದು ಆಸೆಯೇ. ಮೂವತ್ತೊಂದು ವರ್ಷದಲ್ಲಿ ಒಂದು ಆಸೆಪಟ್ಟರೆ ಗಂಟೇನು ಹೋಗುತ್ತದೆ?

ಇಂಥವರು ಒಪ್ಪಿದ್ದು ಹೇಗೆ ಅಂತ ನಿನಗೆ ಆಶ್ಚರ್ಯ ಆಗುತ್ತಿರಬೇಕು. ಜನವರಿಯಲ್ಲಿ ಹಳೆಯ ಮೆಷಿನ್‌ಗೆ ನಡುನಡುವೆ ನಿಲ್ಲುವ ರೋಗ ಬಂತು. ಇವರು ಅಂಗಡಿಗೆ ಹೋದ ಮೇಲೆ ನಿಲ್ಲುತ್ತದೆ, ನಾನು ಫೋನು ಮಾಡುತ್ತೇನೆ, ಇವರು ಬಂದು ಹಚ್ಚಿದರೆ ಓಡುತ್ತದೆ. ಹೀಗೇ ಐದು ವಾರ. ಬೆಲ್ಟು ಬದಲಾಯಿಸಿದರು, ಟೈಮರ್ ಬದಲಾಯಿಸಿದರು, ಇದ್ದ ವೈರನ್ನೆಲ್ಲ ತೆಗೆದು ಹೊಸದು ಹಾಕಿದರು. ನಾನು ಯಾವತ್ತಿನ ಹಾಗೆ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತೆ. ಒಂದು ಸೋಮವಾರ ಅಂಗಡಿಯನ್ನೇ ತೆಗೆಯದೆ, ಬಚ್ಚಲಿನಲ್ಲಿ ಸ್ಟೂಲ್ ಹಾಕಿಕೊಂಡು ಮಧ್ಯಾಹ್ನದವರೆಗೆ ಅದರ ಎದುರೇ ಕೂತರು. ಮೂರು ಸಲ ಬಟ್ಟೆ ಒಗೆದರೂ ಎಲ್ಲೂ ತಡವರಿಸಲಿಲ್ಲ. ಇವರು ಎದ್ದು ಅಂಗಡಿ ಸೇರುವಷ್ಟರಲ್ಲಿ ಮತ್ತೆ ನನ್ನ ಫೋನು.

ಕೊನೆಗೆ ಒಂದು ಭಾನುವಾರ ಅದನ್ನು ಪೂರ್ತಿ ಬಿಚ್ಚಿದರು. ನೆಲದ ಮೇಲೆ ಹಳೆಯ ಹೊದಿಕೆ ಹಾಸಿ, ಒಂದೊಂದೇ ಭಾಗವನ್ನು ಒರೆಸಿ ಸಾಲಾಗಿ ಇಟ್ಟರು. ಬೆಳಿಗ್ಗೆ ಕೂತವರು ಸಂಜೆಯವರೆಗೆ ಏಳಲಿಲ್ಲ. ಆಮೇಲೆ ಎಲ್ಲ ಮತ್ತೆ ಜೋಡಿಸಿ, ಕನ್ನಡಕ ತೆಗೆದು, "ನನಗೆ ಸಿಗ್ತಾ ಇಲ್ಲ ಕಣೇ. ಹೊಸದೇ ತಗೊಂಡುಬಿಡೋಣ," ಅಂದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಟೀ ಮಾಡುತ್ತೇನೆ ಅಂತ ಒಳಗೆ ಹೋದೆ.

ಮಾರುವ ಅಂಗಡಿಗೆ ಇವರೂ ಬಂದರು. ಅಲ್ಲಿನ ಹುಡುಗಿ ಟಚ್ ಸ್ಕ್ರೀನು, ಉಗಿ, ವೈಫೈ ಅಂತ ಪಟಪಟ ಹೇಳುತ್ತಿದ್ದರೆ ಇವರು ಬಾಗಿಲಿನ ರಬ್ಬರನ್ನು ಹಿಸುಕಿ ನೋಡಿ, ಹತ್ತು ವರ್ಷ ಆದ ಮೇಲೆ ಇದು ಬಿಡಿಯಾಗಿ ಸಿಗುತ್ತದಾ ಅಂತ ಕೇಳಿದರು. ಅಷ್ಟರಲ್ಲಿ ಹೊಸ ಮಾಡೆಲ್ ಬಂದಿರುತ್ತೆ ಸಾರ್ ಅಂತ ಅವಳು ನಕ್ಕಳು. ಇವರು ನಗಲಿಲ್ಲ. ಮನೆಗೆ ಜೋಡಿಸಲು ಬಂದವನನ್ನು ಹಿಂಬದಿಯ ಮುಚ್ಚಳ ಹೇಗೆ ಬಿಚ್ಚುವುದು ಅಂತ ಕೇಳಿದರು. ನೀವು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಅಂದ. ಇವರು ಸರಿ ಅಂದು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. ಹಳೆಯದನ್ನು ಹೊಸದು ತಂದ ಗಾಡಿಯವರೇ ಗುಜರಿಗೆ ಅಂತ ಕೊಂಡೊಯ್ದರು.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಇವರು ಅಂಗಡಿ ಬಿಟ್ಟುಬಿಡುತ್ತಾರಂತೆ. ತಿಂಗಳ ಕೊನೆಗೆ ಬೀಗದ ಕೈಯನ್ನು ಮಾಲೀಕರಿಗೆ ಕೊಡುತ್ತೇನೆ ಅಂತ ಹೇಳಿಬಂದಿದ್ದಾರೆ. ನಾನು ಮೊದಲು ತಮಾಷೆ ಅಂದುಕೊಂಡೆ. ಅರವತ್ತೊಂದು ಒಂದು ವಯಸ್ಸಾ? ಆ ಹತ್ತಡಿ ಅಂಗಡಿ ಬಿಟ್ಟರೆ ಅವರಿಗೆ ಬೇರೆ ಪ್ರಪಂಚ ಎಲ್ಲಿದೆ? ಮೊನ್ನೆ ಹೋಗಿ ನೋಡಿದರೆ, ಒಂದೊಂದು ಡಬ್ಬಿಗೂ ತಾವೇ ಚೀಟಿ ಬರೆದು ಅಂಟಿಸಿದ್ದ ನಟ್ಟು, ಬೋಲ್ಟು, ಬುಷ್ಷುಗಳನ್ನೆಲ್ಲ ಗೋಣಿಚೀಲಕ್ಕೆ ಸುರಿಯುತ್ತಿದ್ದರು. ಯಾಕೆ ರೀ ಅಂತ ಜಗಳ ಆಡಿದೆ. ಆಗ ಹೇಳಿದರು:

"ಮನೆ ಮೆಷಿನ್ನೇ ನನ್ನ ಕೈಗೆ ಸಿಗಲಿಲ್ಲ. ಇನ್ನು ಊರಿನವರ ಸಾಮಾನು ಯಾವ ಧೈರ್ಯದಲ್ಲಿ ಮುಟ್ಟಲಿ?"

ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿಬಂದರು. ಕಣ್ಣು ಚೆನ್ನಾಗಿದೆ ಅಂದರಂತೆ. ಒಳ್ಳೆಯದಾಯಿತಲ್ಲ ಅಂದೆ. ಹಾಗಾದರೆ ತಲೆಯೇ ಇರಬೇಕು ಅಂದರು. ನಿನ್ನ ಮಾತೆಂದರೆ ಅವರಿಗೆ ಗೌರವ. ನಿಮ್ಮ ಮನೆಯ ಫ್ಯಾನಿನ ಶಬ್ದವನ್ನು ಫೋನಿನಲ್ಲೇ ಕೇಳಿ ರೋಗ ಹೇಳಿದ್ದರಲ್ಲ, ಅದನ್ನು ನೆನಪಿಸಿ ನಾಲ್ಕು ಸಾಲು ಬರಿ. ಅಂಗಡಿ ಬಿಡಬೇಡಿ ಅಂತ ಗದರಿಸಿಯೇ ಬರಿ. ತಿಂಗಳ ಕೊನೆಗೆ ಇನ್ನು ಎರಡು ವಾರವಷ್ಟೇ ಇದೆ.

ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಪ್ರೀತಿ, ಪುಟಾಣಿ ಮೊಮ್ಮಗಳಿಗೆ ಗಲ್ಲ ತುಂಬ ಮುತ್ತು, ಅವಳು ನೂರು ವರ್ಷ ನಗುನಗುತ್ತಾ ಇರಲಿ. ಬೇಸಿಗೆಯಲ್ಲಿ ಬಂದಾಗ ಅವಳ ಬಟ್ಟೆಗಳನ್ನೆಲ್ಲ ಒಗೆಯದೆ ಹಾಗೇ ಕಟ್ಟಿಕೊಂಡು ಬಾ. ದೊಡ್ಡವಳು ನೀನು, ನಮ್ಮಿಬ್ಬರಿಗೂ ಒಂದು ಒಳ್ಳೆಯ ಮಾತು ಹರಸು.

ನಿನ್ನ ಬಾಯಿಬಡುಕಿ ತಂಗಿ

ಸಹಿ ಹಾಕಿದ ಮೇಲೆ ಸೇರಿಸಿದ್ದು:

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅಕ್ಕಾ, ಹಳೆಯ ಮೆಷಿನ್ ಒಂದು ದಿನವೂ ನಿಂತಿರಲಿಲ್ಲ. ನಾನೇ ನಡುವೆ ಸ್ವಿಚ್ ಆರಿಸಿ, ಬಟ್ಟೆಯನ್ನು ಸೋಪಿನ ನೀರಿನಲ್ಲೇ ಬಿಟ್ಟು, ನಿಂತುಹೋಯಿತು ಅಂತ ಇವರಿಗೆ ಫೋನು ಮಾಡುತ್ತಿದ್ದೆ. ನಿಜವಾಗಿ ಕೆಟ್ಟರೆ ಇವರು ರಿಪೇರಿ ಮಾಡಿಯೇ ಮಾಡುತ್ತಾರೆ. ಕೆಡದೇ ಇರುವುದನ್ನು ಮಾತ್ರ ಇವರು ಸರಿ ಮಾಡಲಾರರು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನಾನು ಕಲಿತ ವಿದ್ಯೆ ಇದು, ಅದನ್ನು ಅವರ ಮೇಲೇ ಪ್ರಯೋಗಿಸಿದೆ. ಎರಡು ದಿನ ಸತಾಯಿಸಿದರೆ ಬೇಸತ್ತು ಹೊಸದು ತರುತ್ತಾರೆ ಅಂದುಕೊಂಡಿದ್ದೆ. ಅವರು ಬೇಸರಪಡಲಿಲ್ಲ, ಹುಡುಕುತ್ತಲೇ ಹೋದರು.

ಆ ಭಾನುವಾರ ಇಡೀ ದಿನ ಇಲ್ಲದ ರೋಗವನ್ನು ಹುಡುಕುತ್ತಿದ್ದರು, ನಾನು ಬೆಳಕು ಹಿಡಿದು ನಿಂತಿದ್ದೆ. ನಿಜವಾಗಿಯೂ ನಿಂತಿತಾ ಅಂತ ಒಂದೇ ಒಂದು ಸಲ ಕೇಳಿದ್ದರೆ ಅಲ್ಲೇ ಬಾಯಿಬಿಡುತ್ತಿದ್ದೆ. ಕೇಳಲಿಲ್ಲ ಅಕ್ಕಾ. ತಮ್ಮ ಕೈಯನ್ನು ಅನುಮಾನಿಸಿದರು, ಕಣ್ಣನ್ನು ಅನುಮಾನಿಸಿದರು, ಈಗ ತಲೆಯನ್ನೂ ಅನುಮಾನಿಸುತ್ತಿದ್ದಾರೆ. ನನ್ನ ಮಾತನ್ನು ಮಾತ್ರ ಅನುಮಾನಿಸಲಿಲ್ಲ. ನಿನ್ನೆ ಒಬ್ಬರು ಟೇಬಲ್ ಫ್ಯಾನ್ ತಂದಿದ್ದರು. ಇವರು ಅದನ್ನು ಮುಟ್ಟಿಯೂ ನೋಡದೆ, ಬೇರೆ ಯಾರಿಗಾದರೂ ತೋರಿಸಿ ಅಂತ ವಾಪಸ್ಸು ಕಳಿಸಿದರು. ನಾನು ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನನಗೆ ನನ್ನ ಮೇಲೇ ಅಸಹ್ಯ ಆಯಿತು.

ಮೇಲೆ ಕೇಳಿಕೊಂಡ ನಾಲ್ಕು ಸಾಲನ್ನು ನೀನು ಬರೆಯಬೇಡ. ನಾನು ಮಾಡಿದ ಗಾಯಕ್ಕೆ ನಿನ್ನಿಂದ ಹೊಗಳಿಕೆ ತರಿಸಿ ಹಚ್ಚಲು ನೋಡಿದೆ, ಎಂಥವಳು ನಾನು.

ಈಗ ತಾನೇ ಇವರು ಬಟ್ಟೆ ಹರವಿ ಒಳಗೆ ಬಂದರು. ಅಕ್ಕನಿಗೆ ಏನು ಅಷ್ಟೊಂದು ಬರೀತಾ ಇದ್ದೀಯ ಅಂದರು. ಮೆಷಿನ್ ವಿಷಯ ಅಂದೆ.

"ಚೆನ್ನಾಗಿದೆ ಅಂತ ಬರಿ. ಇಷ್ಟು ವರ್ಷ ನಾನೇ ಬೇಡ ಬೇಡ ಅಂತ ನಿನ್ನನ್ನ ಒದ್ದಾಡಿಸಿದೆ, ತಪ್ಪು ನಂದೇ ಅಂತಾನೂ ಬರಿ," ಅಂದರು.

ಇನ್ನು ನನ್ನ ಕೈಲಿ ಆಗುವುದಿಲ್ಲ. ಈ ಕಾಗದವನ್ನು ಮಡಚದೆ ಹೀಗೇ ಅವರ ಕೈಗೆ ಕೊಡುತ್ತೇನೆ. ಕೊನೆಯವರೆಗೆ ಓದಿ, ಆಮೇಲೆ ಮನಸ್ಸಿದ್ದರೆ ನೀವೇ ವಿಳಾಸ ಬರೆದು ಅಂಚೆಗೆ ಹಾಕಿ ಅನ್ನುತ್ತೇನೆ. ಇದು ನಿನ್ನ ಕೈ ಸೇರಿದ್ದರೆ, ಅವರು ಓದಿದ್ದಾರೆ ಅಕ್ಕಾ.